ಮರೆವು ಶುರುವಾದ ಅಮ್ಮನಿಗೆ ಭಾರ ಎತ್ತಿಸೋದು ಸರೀನಾ? ಅನುಭವ ಇದ್ದೋರು ಹೇಳಿ

ತುಮಕೂರಿನ ಮಗಳು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೊಳ್ದೆ ಓದಿ.

ನಮ್ಮಮ್ಮನಿಗೆ 67 ವರ್ಷ. ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರ್ ಆದವರು. ಹೋದ ವರ್ಷದಿಂದ ಮರೆವು ಜಾಸ್ತಿ ಆಗಿದೆ. ಒಲೆ ಮೇಲೆ ಹಾಲಿಟ್ಟು ಮರೆಯೋದು, ಕನ್ನಡಕ ಹುಡುಕೋದು ಎಲ್ಲಾ ಮನೇಲೂ ಇದ್ದಿದ್ದೇ ಅಂತ ಸುಮ್ನಿದ್ವಿ. ಆದ್ರೆ ಯುಗಾದಿ ದಿನ ಹೂರಣ ರುಬ್ಬುವಾಗ ಬೆಲ್ಲ ಹಾಕಿದ್ನಾ ಅಂತ ನನ್ನನ್ನ ನಾಲ್ಕು ಸಲ ಕೇಳಿದ್ರು. ನಲವತ್ತು ವರ್ಷದಿಂದ ಕಣ್ಣು ಮುಚ್ಕೊಂಡು ಮಾಡ್ತಿದ್ದ ಕೆಲಸ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನರರೋಗ ತಜ್ಞರಿಗೆ ತೋರಿಸಿದ್ವಿ. ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಸಿ, ಸ್ಕ್ಯಾನ್ ಮಾಡಿಸಿ, ಇದು ಡಿಮೆನ್ಷಿಯಾ (ದಿನದ ಕೆಲಸಕ್ಕೂ ತೊಂದರೆ ಆಗೋಷ್ಟು ನೆನಪು, ಯೋಚನೆ ಕುಗ್ಗೋ ಕಾಯಿಲೆ) ಅಲ್ಲ, ಅದಕ್ಕಿಂತ ಮುಂಚಿನ ಹಂತ, ಎಂಸಿಐ ಅಂತಾರೆ ಅಂದ್ರು. ವಯಸ್ಸಿಗೆ ಮೀರಿದ ಮರೆವು ಇದೆ, ಆದ್ರೆ ದಿನದ ಕೆಲಸ ತಾವೇ ನಿಭಾಯಿಸ್ತಾರೆ. ಬಿಪಿ ಹತೋಟೀಲಿಡಿ, ವಾಕಿಂಗ್ ಬಿಡಬೇಡಿ, ವಾರಕ್ಕೆ ಎರಡು ಮೂರು ಸಲ ಭಾರ ಎತ್ತೋ ವ್ಯಾಯಾಮ ಮಾಡಿಸಿ ಅಂದ್ರು. ಹೊರಗಡೆ ಜನ ಕಾಯ್ತಿದ್ರು, ಜಾಸ್ತಿ ಕೇಳೋಕಾಗ್ಲಿಲ್ಲ.

ಮನೇಲಿ ಹೇಳಿದ್ರೆ ದೊಡ್ಡಪ್ಪ ರೇಗಿಬಿಟ್ರು. "ಈ ವಯಸ್ಸಲ್ಲಿ ಅವಳ ಕೈಲಿ ಭಾರ ಎತ್ತಿಸ್ತೀಯಾ? ಸೊಂಟ ಹಿಡ್ಕೊಂಡ್ರೆ ಯಾರು ನೋಡ್ತಾರೆ? ಅರವತ್ತಕ್ಕೆ ಅರಳು ಮರಳು, ಅದು ಇದ್ದಿದ್ದೇ." ಅಮ್ಮನೂ "ಜೀವನ ಪೂರ್ತಿ ಮನೆಕೆಲಸ ಮಾಡಿದ್ದೇ ವ್ಯಾಯಾಮ, ಇನ್ನೇನು ಬೇಕು" ಅಂತಾರೆ.

ನನಗೆ ತಿಳ್ಕೋಬೇಕಾಗಿರೋದು ಇಷ್ಟೇ. ಕೈಕಾಲಿನ ಸ್ನಾಯು ಗಟ್ಟಿ ಮಾಡಿದ್ರೆ ತಲೆಗೆ ಹೇಗೆ ಉಪಯೋಗ? ದಿನಾ ಮುಕ್ಕಾಲು ಗಂಟೆ ನಡೀತಾರೆ, ಅದು ಸಾಲದಾ?

ಕೆಂಗೇರಿ ವಾಕರ್

ವಾಕಿಂಗ್ ಧಾರಾಳ ಸಾಕು. ನಮ್ಮಪ್ಪನಿಗೆ 78, ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೀತಾರೆ. ಹಳೇ ಸಾಲದ ಲೆಕ್ಕ ಬಡ್ಡಿ ಸಮೇತ ಬಾಯಲ್ಲೇ ಹೇಳ್ತಾರೆ. ಭಾರ ಗೀರ ಏನೂ ಎತ್ತಿಲ್ಲ. ಇದೆಲ್ಲ ಜಿಮ್‌ನವರ ವ್ಯಾಪಾರ ಅನ್ಸುತ್ತೆ ನನಗೆ.

ಹುಬ್ಬಳ್ಳಿ ಫಿಸಿಯೋ

ಅಕ್ಕಾರ, ನಾ ಫಿಸಿಯೋಥೆರಪಿಸ್ಟ್ ಅದೀನಿ. ಹನ್ನೊಂದು ವರ್ಷದಿಂದ ವಯಸ್ಸಾದವರನ್ನ ನೋಡಾಕತ್ತೀನಿ. ವಾಕಿಂಗ್ ಛಲೋನ, ಬ್ಯಾಡ ಅನ್ನೂದಿಲ್ಲ. ಹೃದಯಕ್ಕ, ಉಸಿರಿಗೆ, ಮನಸ್ಸಿಗೆ ಎಲ್ಲಾದಕ್ಕೂ ಬೇಕು. ಆದ್ರ ನಡದು ನಡದು ಸ್ನಾಯು ಬೆಳ್ಯೂದಿಲ್ಲ. ಹತ್ತು ವರ್ಷದಿಂದ ಅದ ದಾರಿ, ಅದ ವೇಗ ಅಂದ್ರ ಕಾಲಿಗೆ ಹೊಸಾದು ಏನೂ ಕೇಳಿದಂಗ ಆಗೂದಿಲ್ಲ. ಕೇಳದಿದ್ರ ಅದು ಬೆಳ್ಯೂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದು ಎರಡೂ ಮಾಡ್ರಿ ಅಂತ. ವಾರಕ್ಕ 150ರಿಂದ 300 ನಿಮಿಷ ನಡಿಗಿ, ಸೈಕಲ್ಲು, ಅಂಥಾವು. ಅದರ ಜೋಡಿ ವಾರಕ್ಕ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸೂದು. 65 ದಾಟಿದವರಿಗೆ ಮೂರು ದಿನ ಸಮತೋಲನದ ವ್ಯಾಯಾಮ ಬ್ಯಾರೆ. ಎರಡನೇದು ನಮ್ಮ ಮಂದಿ ಯಾರೂ ಮಾಡೂದಿಲ್ಲ, ಅದ ಸಮಸ್ಯೆ.

ಸಿಡ್ನಿ ಕನ್ನಡಿಗ

ನಿಮ್ಮ ಅಮ್ಮನ ಸ್ಥಿತಿಗೆ ತೀರಾ ಹತ್ತಿರದ ಪ್ರಯೋಗ ನಡೆದಿದ್ದು ನಾನಿರೋ ಊರಲ್ಲೇ. ನನ್ನ ಅತ್ತೆಗೆ ಇದೇ ತೊಂದರೆ ಆದಾಗ ಕೂತು ಓದಿದ್ದು, ಅದಕ್ಕೇ ವಿವರವಾಗಿ ಬರೀತೀನಿ.

ಸ್ಮಾರ್ಟ್ ಅಂತ ಅದರ ಹೆಸರು. ಎಂಸಿಐ ಇರೋ, 55 ದಾಟಿದ 100 ಜನರನ್ನ ನಾಲ್ಕು ಗುಂಪು ಮಾಡಿದ್ರು. ಕೆಲವರಿಗೆ ನಿಜವಾದ ಭಾರದ ವ್ಯಾಯಾಮ, ಕೆಲವರಿಗೆ ಬರೀ ಮೈ ಸಡಿಲಿಸೋ, ಕೂತಲ್ಲೇ ಕೈಕಾಲು ಆಡಿಸೋ ವ್ಯಾಯಾಮ. ಅದರ ಜೊತೆಗೆ ಇದೇ ಜನರಲ್ಲಿ ಕೆಲವರಿಗೆ ಕಂಪ್ಯೂಟರ್‌ನಲ್ಲಿ ಮೆದುಳಿನ ಕಸರತ್ತು, ಉಳಿದವರಿಗೆ ಸುಮ್ಮನೆ ವಿಡಿಯೋ. ವಾರಕ್ಕೆ ಎರಡು ಮೂರು ದಿನ, ಆರು ತಿಂಗಳು. ಭಾರದ ಗುಂಪಿನವರು ಎತ್ತಿದ್ದು ತಮ್ಮ ಗರಿಷ್ಠ ಶಕ್ತಿಯ ಸುಮಾರು 80 ಪರ್ಸೆಂಟ್. ಶಕ್ತಿ ಜಾಸ್ತಿ ಆದ ಹಾಗೆ ಭಾರನೂ ಏರಿಸ್ತಾ ಹೋದ್ರು.

ಆರು ತಿಂಗಳಾದ ಮೇಲೆ ಒಟ್ಟಾರೆ ಅರಿವಿನ (ನೆನಪು, ಗಮನ, ಯೋಚನೆ ಎಲ್ಲ ಸೇರಿ) ಪರೀಕ್ಷೆಯಲ್ಲಿ ಸುಧಾರಿಸಿದ್ದು ಭಾರ ಎತ್ತಿದವರು. ಕಂಪ್ಯೂಟರ್ ಕಸರತ್ತಿಗೆ ಆ ಫಲ ಸಿಗಲಿಲ್ಲ. 2017ರಲ್ಲಿ ಇನ್ನೊಂದು ವಿಶ್ಲೇಷಣೆ ಬಂತು: ಯಾರ ಶಕ್ತಿ ಹೆಚ್ಚಾಯ್ತೋ ಅವರ ಅರಿವೂ ಹೆಚ್ಚು ಸುಧಾರಿಸಿತ್ತು. ದಮ್ಮು (ನಡೆಯೋಕೆ, ಓಡೋಕೆ ಬೇಕಾದ ಉಸಿರಿನ ಶಕ್ತಿ) ಹೆಚ್ಚಾಗಿದ್ದಕ್ಕೂ ಅರಿವಿಗೂ ಆ ನಂಟು ಕಾಣಲಿಲ್ಲ. ಕೆಂಗೇರಿ ಅವರೇ, ನಿಮ್ಮ ಮಾತಿಗೆ ನನ್ನ ಉತ್ತರ ಇದು.

ಲೆಕ್ಕದ ಮೇಷ್ಟ್ರು

ಒಂದು ನಿಮಿಷ. ನೂರು ಜನ, ನಾಲ್ಕು ಗುಂಪು. ಅಂದರೆ ಗುಂಪಿಗೆ ಇಪ್ಪತ್ತೈದರ ಆಸುಪಾಸು. ಇಷ್ಟು ಚಿಕ್ಕ ಪ್ರಯೋಗ ಇಟ್ಟುಕೊಂಡು ಒಂದು ಕುಟುಂಬಕ್ಕೆ ಆಸೆ ಹುಟ್ಟಿಸಬಾರದು.

ಇನ್ನೊಂದು ಪಕ್ಕದ ಲೆಕ್ಕನೂ ಹೇಳ್ತೀನಿ. 2022ರ ಕೊನೆಯಲ್ಲಿ ಅಮೆರಿಕದಿಂದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 65ರಿಂದ 84 ವರ್ಷದ 585 ಜನ, ಎಲ್ಲರೂ "ನನಗೆ ಮರೆವು ಜಾಸ್ತಿಯಾಗಿದೆ" ಅಂತ ಹೇಳಿಕೊಂಡವರು. ವ್ಯಾಯಾಮದಲ್ಲಿ ನಡಿಗೆಯಂಥದ್ದೂ ಇತ್ತು, ಬಲ ಹೆಚ್ಚಿಸೋದೂ ಇತ್ತು. ಜೊತೆಗೆ ಧ್ಯಾನದ ಗುಂಪು ಬೇರೆ. ಆರು ತಿಂಗಳಾದ ಮೇಲೆ ನೆನಪಿನ ಶಕ್ತಿಯಲ್ಲಿ ಯಾವ ಗುಂಪಿಗೂ ಹೇಳಿಕೊಳ್ಳೋ ಹಾಗೆ ಲಾಭ ಆಗಲಿಲ್ಲ. ಇದನ್ನ ಯಾಕೆ ಯಾರೂ ಹೇಳಲ್ಲ?

ಸಿಡ್ನಿ ಕನ್ನಡಿಗ

ಮೇಷ್ಟ್ರೇ, ಹೇಳಬೇಕು, ಒಪ್ಪಿದೆ. ಆದ್ರೆ ಎರಡು ವ್ಯತ್ಯಾಸ ಇದೆ. ನೀವು ಹೇಳಿದವರಿಗೆ ಮರೆವಿನ ಅನುಮಾನ ಮಾತ್ರ ಇತ್ತು, ಎಂಸಿಐ ಅಂತ ತೀರ್ಮಾನ ಆಗಿರಲಿಲ್ಲ. ಎರಡನೇದು, ಅಲ್ಲಿ ಎಲ್ಲ ಬೆರೆಸಿದ ವ್ಯಾಯಾಮ. ಸಿಡ್ನಿಯಲ್ಲಿ ಬಲ ಒಂದೇ, ಅದೂ ಏರಿಸ್ತಾ ಹೋದದ್ದು. ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ.

ಲೆಕ್ಕದ ಮೇಷ್ಟ್ರು

ಸುಳ್ಳು ಮಾಡುತ್ತೆ ಅಂತ ನಾನು ಹೇಳಲಿಲ್ಲ. ಎರಡನ್ನೂ ಮುಂದಿಡಿ ಅಂದೆ.

ವೃದ್ಧರ ವೈದ್ಯೆ

ತುಮಕೂರಿನವರೇ, ವ್ಯಾಯಾಮಕ್ಕೆ ಮೊದಲು ಒಂದು ಮಾತು. ವಿಟಮಿನ್ ಬಿ12, ಥೈರಾಯ್ಡ್, ಶುಗರ್ ನೋಡಿಸಿದ್ದೀರಾ? ಕಿವಿ ಸರಿಯಾಗಿ ಕೇಳುತ್ತಾ? ನಿದ್ದೆ ಹೇಗಿದೆ? ಮನಸ್ಸು ಮಂಕಾಗಿದೆಯಾ? ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರೋದು ನಾನು ದಿನಾ ನೋಡ್ತೀನಿ. ಸರಿಪಡಿಸಬಹುದಾದ ಕಾರಣ ಬಿಟ್ಟು ಬರೀ ವ್ಯಾಯಾಮದ ಹಿಂದೆ ಹೋಗಬಾರದು. ಅಲರ್ಜಿಗೆ, ನಿದ್ದೆಗೆ ಅಂತ ತಗೊಳ್ಳೋ ಕೆಲವು ಮಾತ್ರೆಗಳೂ ವಯಸ್ಸಾದವರಲ್ಲಿ ಮರೆವು ತರುತ್ತವೆ. ಮನೇಲಿರೋ ಅಷ್ಟೂ ಮಾತ್ರೆ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಸ್ನಾಯು ಅಂದರೆ ಬರೀ ಎಳೆಯೋ ಹಗ್ಗ ಅಲ್ಲ. ಊಟ ಮಾಡಿದ ಮೇಲೆ ರಕ್ತದಲ್ಲಿರೋ ಸಕ್ಕರೆಯನ್ನ ಅತಿ ಹೆಚ್ಚು ಹೀರಿಕೊಳ್ಳೋದು ಸ್ನಾಯುವೇ. ಸ್ನಾಯು ಕರಗಿದರೆ ಸಕ್ಕರೆ ಕಾಯಿಲೆಗೆ ದಾರಿ, ಸಕ್ಕರೆ ಕಾಯಿಲೆ ಮೆದುಳಿನ ರಕ್ತನಾಳಕ್ಕೆ ಪೆಟ್ಟು. ಜೊತೆಗೆ ಕೆಲಸ ಮಾಡೋ ಸ್ನಾಯು ರಕ್ತಕ್ಕೆ ಕೆಲವು ರಾಸಾಯನಿಕ ಬಿಡುತ್ತೆ. ಐಜಿಎಫ್-1 ಅಂತ ಒಂದು ಬೆಳವಣಿಗೆ ಅಂಶ ಇದೆ, ನರಕೋಶಗಳಿಗೆ ಬೇಕಾದದ್ದು. 2007ರಲ್ಲಿ ಬ್ರೆಜಿಲ್‌ನಲ್ಲಿ 62 ವೃದ್ಧ ಗಂಡಸರ ಮೇಲೆ 24 ವಾರ ಪ್ರಯೋಗ ಮಾಡಿದರು. ಗರಿಷ್ಠದ ಅರ್ಧದಷ್ಟು ಭಾರ ಎತ್ತಿದವರಲ್ಲೂ, 80 ಪರ್ಸೆಂಟ್ ಎತ್ತಿದವರಲ್ಲೂ ನೆನಪು ಸುಧಾರಿಸಿತು, ಐಜಿಎಫ್-1 ಕೂಡ ಏರಿತ್ತು. ಅಂದರೆ ಮೊದಲ ದಿನವೇ ದೊಡ್ಡ ಭಾರ ಎತ್ತಬೇಕು ಅಂತಿಲ್ಲ.

ಮೇಷ್ಟ್ರ ಎಚ್ಚರಿಕೆ ನನಗೆ ಇಷ್ಟ ಆಯ್ತು. ಎಂಸಿಐ ಇರೋರೆಲ್ಲ ಡಿಮೆನ್ಷಿಯಾಕ್ಕೆ ಹೋಗಲ್ಲ, ಕೆಲವರು ಹಾಗೇ ಉಳೀತಾರೆ, ಕೆಲವರು ಸುಧಾರಿಸ್ತಾರೆ. ವ್ಯಾಯಾಮ ಮಾಡಿಸಿದರೆ ಕಾಯಿಲೆ ಬರೋದೇ ಇಲ್ಲ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಆದರೂ ನನ್ನ ಎಂಸಿಐ ರೋಗಿಗಳಿಗೆಲ್ಲ ನಾನು ಇದನ್ನೇ ಬರೆದು ಕೊಡ್ತೀನಿ. ಬೀಳೋದು ಕಡಿಮೆಯಾಗುತ್ತೆ, ಮೂಳೆ ಗಟ್ಟಿಯಾಗುತ್ತೆ. ತಲೆಗೆ ಲಾಭ ಕಡಿಮೆ ಬಂದರೂ ದೇಹಕ್ಕೆ ಬಂದದ್ದು ಎಲ್ಲೂ ಹೋಗಲ್ಲ.

ನಾಗಮಂಗಲ

ಇವೆಲ್ಲ ಓದಿದ್ರೆ ನಮ್ಮಜ್ಜಿ ನೆನಪಾಯ್ತದೆ ಕಣ್ರೀ. ರಾಗಿ ಬೀಸ್ತಿತ್ತು, ಬಾವಿಲಿ ನೀರು ಸೇದ್ತಿತ್ತು, ಸೌದೆ ಹೊರೆ ಹೊತ್ಕೊಂಡ್ ಬರ್ತಿತ್ತು. ತೊಂಬತ್ತರವರ್ಗೂ ಯಾರ್ ಮನೆ ಮದುವೇಲಿ ಎಷ್ಟು ಮುಯ್ಯಿ ಹಾಕವ್ರೆ ಅಂತ ಬಾಯ್ಪಾಠ. ಹಳ್ಳೀಲಿ ದುಡಿಯೋರ್ಗೆ ಈ ಕಾಯ್ಲೆ ಬರಾಕಿಲ್ಲ. ಪ್ಯಾಟೆ ಸೇರಿ ಕುಂತಲ್ಲೇ ಕುಂತಿದ್ದಕ್ಕೆ ಬಂದಿರೋದು.

ಕೋಲಾರದ ಮಾವು

ಅಣ್ಣಾ, ಅಜ್ಜಿ ವಿಷಯ ಒಪ್ಪಿದೆ, ಆದ್ರೆ ಹಳ್ಳಿಯವರಿಗೆ ಬರಲ್ಲ ಅನ್ನೋದು ತಪ್ಪು. ಭಾರತದಲ್ಲಿ ದೇಶದಾದ್ಯಂತ ಮಾಡಿದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜು 2023ರಲ್ಲಿ ಬಂತು. 60 ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಷಿಯಾ, ಒಟ್ಟು ಸುಮಾರು 88 ಲಕ್ಷ ಜನ. ಪಟ್ಟಣಕ್ಕಿಂತ ಹಳ್ಳೀಲೇ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಓದು ಸಿಗದೇ ಇದ್ದದ್ದು, ಬಿಪಿ ನೋಡಿಸದೇ ಇದ್ದದ್ದು ಎಲ್ಲ ಸೇರುತ್ತೆ. ಹಳ್ಳೀಲಿ ಯಾರೂ ಪರೀಕ್ಷೆ ಮಾಡಿಸಲ್ಲ, "ಮುದುಕಿಗೆ ಬುದ್ಧಿ ಕೆಟ್ಟಿದೆ" ಅಂತ ಮೂಲೇಲಿ ಕೂರಿಸ್ತಾರೆ. ಅದಕ್ಕೇ ಕಾಣಲ್ಲ.

ನಮ್ಮ ಶ್ರೀನಿವಾಸಪುರದ ಸುತ್ತ ಹಳ್ಳಿಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡ್ತಿದ್ದಾರೆ. ರಕ್ತ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ. ಬಿಳಿಯರ ಲೆಕ್ಕ ಬಿಟ್ಟು ನಮ್ಮವರದೇ ಲೆಕ್ಕ ಸಿಗಬೇಕು ಅಂದ್ರೆ ಇಂಥದ್ದೇ ಬೇಕು.

ನಾಗಮಂಗಲ

ಹೆಂಗಸರಲ್ಲಿ ಜಾಸ್ತಿ ಅನ್ನೋದು ಗೊತ್ತಿರ್ಲಿಲ್ಲ. ಸರಿ.

ಹುಬ್ಬಳ್ಳಿ ಫಿಸಿಯೋ

ಮನಿಕೆಲಸದ ಮಾತು ಬಂತಲ್ಲ, ಅದನ್ನ ಬಿಡಿಸಿ ಹೇಳತೀನಿ. ಕೆಲಸ ಅಂದ್ರ ದಣಿವು ಆಕ್ಕೈತಿ, ಸುಳ್ಳಲ್ಲ. ನಮ್ಮ ಅವ್ವಾರು ಬೆಳಗಿಂದ ರಾತ್ರಿತನಕ ನಿಂತ ಇರತಾರ. ಆದ್ರ ಕುಕ್ಕರ್ ಭಾರ ಹೋದ ವರ್ಷ ಎಷ್ಟಿತ್ತೋ ಈ ವರ್ಷನೂ ಅಷ್ಟ. ಸ್ನಾಯುಕ್ಕ "ನಿನ್ನಿಗಿಂತ ಇವತ್ತು ಒಂಚೂರು ಜಾಸ್ತಿ" ಅಂತ ಹೇಳಬೇಕು. ಹತ್ತು ಸಲ ಎತ್ತೂದರಾಗ ಕಡೀ ಎರಡು ಸಲ ಕಷ್ಟ ಅನಸಬೇಕು. ಹದಿನೈದು ಸಲ ಆರಾಮ ಆತು ಅಂದ್ರ ಭಾರ ಏರಸಬೇಕು. ಅಷ್ಟ ಸೂತ್ರ.

ಪಾರ್ಕಿನ ಓಪನ್ ಜಿಮ್‌ನಾಗ ಭಾಳ ಕಡೆ ಭಾರ ಏರಸಾಕ ಬರೂದಿಲ್ಲ. ಆಡಿಸಿ ಬರ್ತಾರ, ಮೈ ಹಗರ ಆಕ್ಕೈತಿ, ಶಕ್ತಿ ಅಲ್ಲೇ ನಿಲ್ತೈತಿ.

ಉಡುಪಿಯ ಸೊಸೆ

ಫಿಸಿಯೋದವರು ಹೇಳಿದ್ದು ಸರಿ ಉಂಟು. ನಮ್ಮ ಅತ್ತೆ ಮನೆಕೆಲಸ ಎಲ್ಲ ಮಾಡ್ತಿದ್ರು ಮಾರಾಯ್ರೆ, ಆದ್ರೂ ಕಮೋಡಿನಿಂದ ಏಳ್ಲಿಕ್ಕೆ ಗೋಡೆ ಹಿಡೀಬೇಕಿತ್ತು. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ರು, ಸೊಂಟದ ಮೂಳೆ ಮುರೀತು. ಆಪರೇಷನ್ ಆದ ಮೇಲೆ ಎರಡು ದಿನ ನಮ್ಮನ್ನೇ ಗುರ್ತು ಹಿಡೀಲಿಲ್ಲ. ಏನೇನೋ ಮಾತಾಡ್ತಿದ್ರು. ಅದು ಕಡಿಮೆ ಆಯ್ತು, ಆದ್ರೆ ಮೊದಲಿನ ಹಾಗೆ ತಲೆ ಓಡ್ಲಿಕ್ಕೆ ಶುರು ಆಗ್ಲೇ ಇಲ್ಲ. ಬೀಳ್ದೇ ಇದ್ದಿದ್ರೆ ಅಂತ ನಾನು ಈಗ್ಲೂ ಯೋಚ್ನೆ ಮಾಡ್ತೇನೆ. ಕಾಲಿಗೆ ಬಲ ಇರ್ಬೇಕು. ತಲೆಗೆ ಆಗ್ತದಾ ಇಲ್ವಾ ಅಂತ ಚರ್ಚೆ ಮಾಡ್ತಾ ಕೂರ್ಬೇಡಿ, ಮೊದ್ಲು ಶುರು ಮಾಡಿ.

ವೃದ್ಧರ ವೈದ್ಯೆ

ಇದನ್ನ ನಾವು ಡೆಲಿರಿಯಂ ಅಂತೀವಿ. ಆಪರೇಷನ್, ಸೋಂಕು, ನೀರು ಕಡಿಮೆಯಾಗೋದು, ಯಾವುದರಿಂದಲೂ ಬರಬಹುದು. ಅದು ಬಂದು ಹೋದವರಲ್ಲಿ ಮುಂದೆ ಅರಿವು ಬೇಗ ಕುಗ್ಗೋ ಅಪಾಯ ಹೆಚ್ಚು. ನಿಮ್ಮ ಅನುಭವ ಬರೆದದ್ದು ಒಳ್ಳೇದಾಯ್ತು.

ಮೈಸೂರು ಗರಡಿ

ನಮ್ಮ ತಾತ ಮೈಸೂರಿನ ಗರಡಿ ಮನೇಲಿ ಬೆಳೆದವರು. ಬೆಳಗಿನ ಜಾವ ಎದ್ದು ದಂಡ, ಬಸ್ಕಿ, ಆಮೇಲೆ ಗದೆ ತಿರುಗಿಸೋದು. ಗುರುಗಳು ಮೊದಲ ವರ್ಷ ಹಗುರದ ಗದೆ ಕೊಟ್ಟು, ತೋಳು ಒಪ್ಪಿದ ಮೇಲೆ ದೊಡ್ಡದು ಕೊಡ್ತಿದ್ರಂತೆ. ಫಿಸಿಯೋ ಅವರು ಹೇಳೋ ಸೂತ್ರ ಕೆಮ್ಮಣ್ಣಿನ ಅಖಾಡದಲ್ಲಿ ಮೊದಲಿಂದ ಇತ್ತು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿ ಕಾಳಗ ನೋಡೋಕೆ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಿದ್ದಾಗ ಅವರಿಗೆ ಅರವತ್ತು ದಾಟಿತ್ತು.

ಬಸ್ಕಿ ಅಂದ್ರೆ ಕೂತು ಏಳೋದು ತಾನೇ? ಅದೇ ಸಾಕಲ್ವಾ ತುಮಕೂರಿನವರ ತಾಯಿಗೆ?

ಬಾದಾಮಿ ಟೀಚರ್

ಗರಡಿ ಮನಿಯೊಳಗ ಹೆಣ್ಮಕ್ಕಳಿಗೆ ಜಾಗ ಎಲ್ಲಿತ್ರಿ? ಗಂಡಸರು ದೇಹ ಬೆಳಸ್ಯಾರ, ಹೆಂಗಸರು ಅವರಿಗೆ ಹಾಲು ಬಾದಾಮಿ ಕಾಸಿ ಕೊಟ್ಟಾರ. ಇವತ್ತಿಗೂ ಅದ ಐತಿ. ಐವತ್ತು ದಾಟಿದ ಹೆಂಗಸು ಭಾರ ಎತ್ತತೀನಿ ಅಂದ್ರ ಮನಿ ಮಂದಿ ಎಲ್ಲಾ ಎದ್ದು ನಿಲ್ತಾರ. ಡಿಮೆನ್ಷಿಯಾ ಜಾಸ್ತಿ ಇರೂದು ಹೆಂಗಸರಲ್ಲೇ ಅಂತ ಮ್ಯಾಲೆ ಬರದಾರ. ಮೂಳಿ ಸವಿಯೂದೂ ಹೆಂಗಸರಿಗೇ ಜಾಸ್ತಿ. ಯಾರಿಗೆ ಬೇಕೋ ಅವರಿಗೇ ಬ್ಯಾಡ ಅಂತೀವಿ. ನನಗ ಇದು ಭಾಳ ನೋವು ಕೊಡತೈತಿ.

ಮೈಸೂರು ಗರಡಿ

ನೀವು ಹೇಳಿದ್ದು ನಿಜ ಅಕ್ಕ. ನಮ್ಮಜ್ಜಿ ಕೊನೇ ಆರು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ತಾತನ ನೆನಪಲ್ಲಿ ಅವರನ್ನ ಮರೆತೇಬಿಟ್ಟಿದ್ದೆ.

ಲೆಕ್ಕದ ಮೇಷ್ಟ್ರು

ಹೆಂಗಸರ ಮೇಲೆ ಮಾಡಿದ ಒಳ್ಳೇ ಪ್ರಯೋಗ ಒಂದಿದೆ. ಕೆನಡಾದ ವ್ಯಾಂಕೂವರ್, 2010. 65ರಿಂದ 75 ವರ್ಷದ 155 ಹೆಂಗಸರು, ಒಂದು ವರ್ಷ. ಕೆಲವರಿಗೆ ವಾರಕ್ಕೆ ಒಂದು ದಿನ ಭಾರದ ವ್ಯಾಯಾಮ, ಕೆಲವರಿಗೆ ಎರಡು ದಿನ, ಉಳಿದವರಿಗೆ ಬರೀ ಸಮತೋಲನದ ವ್ಯಾಯಾಮ. ಪರೀಕ್ಷೆ ಹೇಗಿತ್ತು ಅಂದರೆ, "ಕೆಂಪು" ಅನ್ನೋ ಪದವನ್ನ ನೀಲಿ ಶಾಯಿಯಲ್ಲಿ ಬರೆದಿರ್ತಾರೆ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ನಾಲಿಗೆಗೆ ಬರೋದನ್ನ ತಡೆದು ಸರಿಯಾದದ್ದು ಹೇಳೋ ಶಕ್ತಿ ಅದು. ವಾರಕ್ಕೆ ಒಂದು ದಿನ ಮಾಡಿದವರು 12.6 ಪರ್ಸೆಂಟ್, ಎರಡು ದಿನ ಮಾಡಿದವರು 10.9 ಪರ್ಸೆಂಟ್ ಸುಧಾರಿಸಿದರು. ಸಮತೋಲನದವರು ಅರ್ಧ ಪರ್ಸೆಂಟ್ ಹಿಂದೆ ಬಿದ್ದರು.

ಪೂರ್ತಿ ಚಿತ್ರ ಬೇಕಲ್ಲ, ಅದಕ್ಕೆ ಇದನ್ನೂ ಹೇಳ್ತೀನಿ. ಭಾರ ಎತ್ತಿದ ಎರಡೂ ಗುಂಪಲ್ಲಿ ಮೆದುಳಿನ ಒಟ್ಟು ಗಾತ್ರ ಸ್ವಲ್ಪ ಕಡಿಮೆಯಾಗಿತ್ತು. ಪರೀಕ್ಷೆಯಲ್ಲಿ ಮುಂದೆ, ಸ್ಕ್ಯಾನ್‌ನಲ್ಲಿ ಹಿಂದೆ.

ಸಿಡ್ನಿ ಕನ್ನಡಿಗ

ಸ್ಕ್ಯಾನ್ ಮಾತು ಬಂದಿದ್ದಕ್ಕೆ: ಸ್ಮಾರ್ಟ್ ಪ್ರಯೋಗದ ಸ್ಕ್ಯಾನ್ ಫಲಿತಾಂಶ 2020ರಲ್ಲಿ ಬಂತು. ಅಲ್ಲಿ ಒಟ್ಟು ಗಾತ್ರ ಅಲ್ಲ, ನೆನಪಿಗೆ ಮುಖ್ಯವಾದ ಹಿಪೋಕ್ಯಾಂಪಸ್‌ನ ಒಳಭಾಗಗಳನ್ನ ನೋಡಿದ್ರು. ಭಾರ ಎತ್ತದವರಲ್ಲಿ ಹದಿನೆಂಟು ತಿಂಗಳಲ್ಲಿ ಆ ಭಾಗಗಳು 3ರಿಂದ 4 ಪರ್ಸೆಂಟ್ ಕುಗ್ಗಿದ್ವು. ಎತ್ತಿದವರಲ್ಲಿ 1ರಿಂದ 2 ಪರ್ಸೆಂಟ್, ಕೆಲವು ಕಡೆ ಕುಗ್ಗಲೇ ಇಲ್ಲ. ಕ್ಲಾಸು ನಡೆದದ್ದು ಆರೇ ತಿಂಗಳು, ಅನ್ನೋದು ನೆನಪಿರಲಿ.

ಕೆಂಗೇರಿ ವಾಕರ್

ನಡಿಗೆಗೂ ಇಂಥ ಫಲಿತಾಂಶ ಇದೆಯಲ್ಲ? ಹಿಪೋಕ್ಯಾಂಪಸ್ ಬೆಳೀತು ಅಂತ ಎಲ್ಲೋ ಓದಿದ್ದೆ.

ಸಿಡ್ನಿ ಕನ್ನಡಿಗ

ಇದೆ ಸರ್. 2011ರಲ್ಲಿ ಅಮೆರಿಕದಲ್ಲಿ 120 ಜನ ವೃದ್ಧರ ಮೇಲೆ ಮಾಡಿದ್ದು. ಒಂದು ವರ್ಷ ನಡೆದವರಲ್ಲಿ ಹಿಪೋಕ್ಯಾಂಪಸ್ ಸುಮಾರು 2 ಪರ್ಸೆಂಟ್ ಹೆಚ್ಚಾಯ್ತು. ನಡಿಗೆ ಬಿಡಿ ಅಂತ ಇಲ್ಲಿ ಯಾರೂ ಹೇಳ್ತಿಲ್ಲ.

ಅಪ್ಪನ ನೆರಳು

ಇಷ್ಟು ಹೊತ್ತು ಓದ್ತಾ ಇದ್ದೆ. ಬರೀಬೇಕೋ ಬೇಡವೋ ಅಂತ ಯೋಚಿಸಿ ಬರೀತಿದ್ದೀನಿ. ನಮ್ಮಪ್ಪನಿಗೆ ಅಲ್ಜೈಮರ್ (ಡಿಮೆನ್ಷಿಯಾದಲ್ಲಿ ಒಂದು ಬಗೆ) ಬಂದು ಐದು ವರ್ಷ. ಎರಡನೇ ವರ್ಷದಲ್ಲಿ ಯಾರೋ ಹೇಳಿದರು ಅಂತ ಟ್ರೇನರ್ ಇಟ್ಟೆ. ದಿನಾ ಬೆಳಿಗ್ಗೆ ಅಪ್ಪನನ್ನ ಎಬ್ಬಿಸಿ, ಬೇಡ ಬೇಡ ಅಂದರೂ ಬಿಡದೆ ಮಾಡಿಸಿದೆ. ಇದರಿಂದ ಕಾಯಿಲೆ ನಿಲ್ಲುತ್ತೆ ಅಂತ ನಂಬಿದ್ದೆ. ನಿಲ್ಲಲಿಲ್ಲ. ನಾನು ಸರಿಯಾಗಿ ಮಾಡಿಸಲಿಲ್ಲವೇನೋ ಅಂತ ಎರಡು ವರ್ಷ ಕೊರಗಿದೆ.

ಆಮೇಲೆ ಗೊತ್ತಾಯ್ತು, ಇಂಗ್ಲೆಂಡಿನಲ್ಲಿ ಡಿಮೆನ್ಷಿಯಾ ಆಗಲೇ ಬಂದಿರೋ 494 ಜನರ ಮೇಲೆ ಇದೇ ಪ್ರಯೋಗ ಮಾಡಿದ್ದರು, ಡಾಪಾ ಅಂತ. 2018ರಲ್ಲಿ ಫಲಿತಾಂಶ ಬಂತು. ನಾಲ್ಕು ತಿಂಗಳು ಸೈಕಲ್ಲು, ಭಾರ ಎಲ್ಲ ಮಾಡಿಸಿದರು, ದೇಹ ಗಟ್ಟಿಯಾಯಿತು, ಆದರೆ ಅರಿವು ಕುಗ್ಗೋದು ನಿಧಾನ ಆಗಲಿಲ್ಲ. ವರ್ಷದ ಕೊನೆಯಲ್ಲಿ ವ್ಯಾಯಾಮ ಮಾಡಿದವರ ಅಂಕವೇ ಒಂಚೂರು ಕೆಟ್ಟದಾಗಿತ್ತು.

ತುಮಕೂರಿನ ಅಕ್ಕ, ನಿಮ್ಮ ತಾಯಿ ಇನ್ನೂ ಆ ಹಂತದಲ್ಲಿಲ್ಲ, ಮಾಡಿಸಿ, ಖಂಡಿತ ಮಾಡಿಸಿ. ಆದರೆ ನಾಳೆ ಏನೇ ಆದರೂ ನಿಮ್ಮನ್ನ ನೀವು ದೂಷಿಸಿಕೊಳ್ಳಬೇಡಿ. ಅಮ್ಮನ ಹತ್ತಿರ ಜಗಳ ಆಡಿ ಮಾಡಿಸಬೇಡಿ.

ಉಡುಪಿಯ ಸೊಸೆ

ಓದಿ ಕಣ್ಣು ತುಂಬಿತು. ನಿಮ್ಮಿಂದ ತಪ್ಪೇನೂ ಆಗ್ಲಿಲ್ಲ.

ವೃದ್ಧರ ವೈದ್ಯೆ

ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯವಾದ ಮಾತು ಇದು. ಕಾಯಿಲೆಯ ಮುಂಚೆ, ಎಂಸಿಐ, ಕಾಯಿಲೆ ಬಂದ ಮೇಲೆ: ಮೂರೂ ಬೇರೆ ಬೇರೆ ಪ್ರಶ್ನೆ. ಒಂದರ ಉತ್ತರ ತಂದು ಇನ್ನೊಂದಕ್ಕೆ ಹಚ್ಚಬಾರದು. ಡಿಮೆನ್ಷಿಯಾ ಬಂದವರಿಗೂ ನಾನು ವ್ಯಾಯಾಮ ಹೇಳ್ತೀನಿ. ಹೇಳೋ ಕಾರಣ ಬೇರೆ: ತಾವೇ ಎದ್ದು ಬಚ್ಚಲಿಗೆ ಹೋಗೋ ಹಾಗಿರಲಿ ಅಂತ.

ತುಮಕೂರಿನ ಮಗಳು

ಇಷ್ಟೊಂದು ಜನ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಬಿ12 ನೋಡಿಸಿದ್ದೆವು, ಕಡಿಮೆ ಇತ್ತು, ಇಂಜೆಕ್ಷನ್ ನಡೀತಿದೆ. ಥೈರಾಯ್ಡ್ ಸರಿ ಇದೆ. ಕಿವಿ ನೋಡಿಸಿಲ್ಲ, ಮುಂದಿನ ವಾರ ಹೋಗ್ತೀವಿ.

ಅಪ್ಪನ ನೆರಳು ಅವರೇ, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಆ ಹುಡುಗ ಒಳ್ಳೇ ಮಗ" ಅಂದ್ರು. ಆಮೇಲೆ ಅವರೇ, ಏನು ಮಾಡಬೇಕು ಹೇಳು ಅಂತ ಕೇಳಿದ್ರು. ಫಿಸಿಯೋ ಸರ್, ಮನೇಲಿ ಎಲ್ಲಿಂದ ಶುರು ಮಾಡಲಿ? ಬಿಪಿ ಮಾತ್ರೆ ಇದೆ, ಬಲ ಮಂಡಿ ಸ್ವಲ್ಪ ನೋವು.

ಹುಬ್ಬಳ್ಳಿ ಫಿಸಿಯೋ

ಮೊದಲು ಒಂದು ಪರೀಕ್ಷೆ ಮಾಡ್ರಿ. ಕೈ ಇಲ್ಲದ ಗಟ್ಟಿ ಕುರ್ಚಿ ಗ್ವಾಡಿಗೆ ಒರಗಿಸಿ ಇಡ್ರಿ. ಕೈ ಎದಿ ಮ್ಯಾಲ ಕಟ್ಟಿ, ಐದು ಸಲ ಎದ್ದು ಕೂಡಬೇಕು. ಎಷ್ಟು ಸೆಕೆಂಡು ಆತು ಬರೀರಿ. ನಾವು ಏಷ್ಯಾದವರಿಗೆ 2019ರಾಗ ಮಾಡಿದ ಅಳತಿ ಪ್ರಕಾರ 12 ಸೆಕೆಂಡು ಅಥವಾ ಜಾಸ್ತಿ ಆತಂದ್ರ ಸ್ನಾಯುದ ಬಲದ ಬಗ್ಗೆ ಲಕ್ಷ್ಯ ಕೊಡಬೇಕು. ಕೈಹಿಡಿತದ ಬಲ ಅಳಿಯೂ ಯಂತ್ರ ಸಿಕ್ಕರ, ಹೆಂಗಸರಿಗೆ 18 ಕೆಜಿಗಿಂತ ಕಡಿಮಿ, ಗಂಡಸರಿಗೆ 28ಕ್ಕಿಂತ ಕಡಿಮಿ ಇದ್ರ ಅದೂ ಹಂಗ.

ಬಿಪಿ ಹತೋಟಿಯೊಳಗ ಐತಿ ಅಂತ ಡಾಕ್ಟರ್ ಹೇಳಿದ ಮ್ಯಾಲೇ ಶುರು ಮಾಡ್ರಿ. ಎತ್ತುವಾಗ ಉಸಿರು ಹಿಡೀಬಾರದು, ಬಿಪಿ ಒಮ್ಮೆಲೆ ಏರತೈತಿ. ಟೀಚರ್ ಅಲ್ಲರಿ ಅವರು, ಜೋರಾಗಿ ಎಣಸಾಕ ಹೇಳ್ರಿ. ಎಣಸುವಾಗ ಉಸಿರು ತಾನ ಹೊರಗ ಬರತೈತಿ.

ಕುರ್ಚಿಯಿಂದ ಏಳೂದು ಕೂಡೂದು ಹತ್ತು ಸಲ. ಮಂಡಿ ನೋವಿದ್ರ ಕುರ್ಚಿ ಮ್ಯಾಲ ದಿಂಬು ಇಟ್ಟು ಎತ್ತರ ಮಾಡ್ರಿ. ಪೂರ್ತಿ ಬಸ್ಕಿ ಈಗ ಬ್ಯಾಡ. ಕುಂತು ಕಾಲು ಮುಂದ ಚಾಚೂದು, ಕಾಲಿಗೆ ಮರಳು ಚೀಲ ಕಟ್ಟಿ, ಅರ್ಧ ಕೆಜಿಯಿಂದ. ಅಡಗಿಮನಿ ಕಟ್ಟಿ ಹಿಡದು ಹಿಮ್ಮಡಿ ಎತ್ತೂದು. ರಬ್ಬರ್ ಬ್ಯಾಂಡ್ ಎದಿ ಕಡೆ ಎಳಿಯೂದು. ಒಂದು ಲೀಟರ್ ನೀರಿನ ಬಾಟ್ಲಿ ಎರಡು, ಭುಜದ ಮ್ಯಾಲ ಎತ್ತೂದು. ಪ್ರತಿಯೊಂದೂ ಎರಡು ಸುತ್ತು, ವಾರಕ್ಕ ಎರಡು ದಿನ, ನಡುವ ಎರಡು ದಿನ ಬಿಡುವು. ಮೊದಲ ತಿಂಗಳು ಊರಾಗಿನ ಫಿಸಿಯೋ ಒಬ್ಬರ ಕಣ್ಣ ಮುಂದ ಆದ್ರ ಛಲೋ. ಎದಿನೋವು, ತಲಿಸುತ್ತು ಬಂದ್ರ ಅಲ್ಲೇ ನಿಲ್ಲಸ್ರಿ.

ನಾಗಮಂಗಲ

67ಕ್ಕೆ ಶುರು ಮಾಡಿದ್ರೆ ಸ್ನಾಯು ಬೆಳೀತದಾ? ತಡ ಆಗ್ಲಿಲ್ವಾ?

ಹುಬ್ಬಳ್ಳಿ ಫಿಸಿಯೋ

1990ರಾಗ ಬೋಸ್ಟನ್‌ನಾಗ ಸರಾಸರಿ 90 ವರ್ಷದ 10 ಮಂದಿ, ವೃದ್ಧಾಶ್ರಮದೊಳಗ ಇದ್ದವರು, ಎಂಟು ವಾರ ಕಾಲಿನ ಭಾರ ಎತ್ತಿದ್ರು. ಮುಗಿಸಿದವರ ಬಲ ಸರಾಸರಿ 174 ಪರ್ಸೆಂಟ್ ಏರಿತ್ತು. 67 ಅಂದ್ರ ಹುಡಿಗಿರಿ ಅವರು.

ಹಾಸನದ ರುಚಿ

ಊಟದ ಬಗ್ಗೆ ಯಾರೂ ಹೇಳ್ಲಿಲ್ಲ. ಭಾರ ಎತ್ತಿಸಿ ಬರೀ ಅನ್ನ ಸಾರು ಹಾಕಿದ್ರೆ ಸ್ನಾಯು ಎಲ್ಲಿಂದ ಬರುತ್ತೆ? ವಯಸ್ಸಾದವರಿಗೆ ತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತಾರೆ. 55 ಕೆಜಿ ಇದ್ರೆ ದಿನಕ್ಕೆ 55ರಿಂದ 66 ಗ್ರಾಂ. ನಮ್ಮ ಅತ್ತೆ ತಿನ್ನೋದು ಲೆಕ್ಕ ಹಾಕಿದ್ರೆ ಮೂವತ್ತೂ ದಾಟ್ತಿರ್ಲಿಲ್ಲ. ರಾಗಿ ಮುದ್ದೆ ಶಕ್ತಿ ಅಂತೀವಿ, 100 ಗ್ರಾಂ ರಾಗಿ ಹಿಟ್ಟಲ್ಲಿ ಪ್ರೋಟೀನ್ 7 ಗ್ರಾಂ ಸುತ್ತಮುತ್ತ ಅಷ್ಟೇ. ಮುದ್ದೆ ಜೊತೆ ಹುರುಳಿಕಾಳು ಬಸ್ಸಾರು ಮಾಡಿ, ಕಾಳು ಬಸಿದು ಪಲ್ಯ ಮಾಡಿ ಅದನ್ನೂ ತಿನ್ನಿಸಿ.

ನಾಗಮಂಗಲ

ಮುದ್ದೆ ಬಗ್ಗೆ ಹಂಗನ್ಬ್ಯಾಡಿ. ಕ್ಯಾಲ್ಸಿಯಂಗೆ ರಾಗಿ ಬಿಟ್ರೆ ಇಲ್ಲ.

ಹಾಸನದ ರುಚಿ

ಮುದ್ದೆ ಬಿಡಿ ಅಂತ ಎಲ್ಲಿ ಹೇಳಿದೆ ಅಣ್ಣ? ಹುರುಳಿ ಜೊತೆ ತಿನ್ನಿ ಅಂದೆ.

ವೃದ್ಧರ ವೈದ್ಯೆ

ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನ ಕೇಳದೆ ಪ್ರೋಟೀನ್ ಏರಿಸಬಾರದು.

ತುಮಕೂರಿನ ಮಗಳು

ಹನ್ನೊಂದು ವಾರ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ.

ಕಿವಿ ಪರೀಕ್ಷೆ ಮಾಡಿಸಿದ್ವಿ, ಎರಡೂ ಕಿವಿ ಮಂದ ಅಂದ್ರು. ಯಂತ್ರ ಹಾಕ್ಸಿದ್ದೀವಿ. ನಾಲ್ಕು ಸಲ ಕೇಳ್ತಿದ್ದದ್ದರಲ್ಲಿ ಒಂದಷ್ಟು ಉತ್ತರ ಕೇಳಿಸದೇ ಇದ್ದದ್ದೂ ಇತ್ತೇನೋ ಅಂತ ಈಗ ಅನ್ಸುತ್ತೆ.

ಕುರ್ಚಿ ಪರೀಕ್ಷೆ ಮೊದಲ ದಿನ 17 ಸೆಕೆಂಡು. ಈ ಭಾನುವಾರ 13. ಕಾಲಿನ ಚೀಲ ಅರ್ಧ ಕೆಜಿಯಿಂದ ಒಂದೂವರೆಗೆ ಬಂದಿದೆ. ಮಧ್ಯೆ ಮಂಡಿ ಊದಿ ಎಂಟು ದಿನ ನಿಲ್ಲಿಸಿದ್ವಿ, ಆಮೇಲೆ ದಿಂಬು ಇನ್ನೊಂದು ಹಾಕಿ ಮತ್ತೆ ಶುರು. ಅಮ್ಮ ಹಳೇ ಹಾಜರಿ ಪುಸ್ತಕದಲ್ಲಿ ಗೆರೆ ಹಾಕಿ, ತಾರೀಖು, ಎಷ್ಟು ಭಾರ, ಎಷ್ಟು ಸಲ ಅಂತ ದುಂಡಗಿನ ಅಕ್ಷರದಲ್ಲಿ ಬರೀತಾರೆ. ಒಂದು ಗುರುವಾರ ಎರಡು ಸಲ ಬರೆದಿದ್ದಾರೆ. ನೋಡಿ ನನಗೆ ಕರುಳು ಚುರುಕ್ ಅಂತು, ಆದ್ರೆ ಶನಿವಾರ ಅವರೇ ಅದನ್ನ ಕಂಡು ಒಂದು ಸಾಲು ಹೊಡೆದು ಹಾಕಿದ್ರು.

ನೆನಪು ಸುಧಾರಿಸಿದೆಯಾ ಅಂತ ನಾನು ಹೇಳಲ್ಲ. ಆರು ತಿಂಗಳಿಗೆ ಡಾಕ್ಟರ್ ಮತ್ತೆ ಪರೀಕ್ಷೆ ಮಾಡ್ತಾರೆ. ನೆಲದ ಮೇಲೆ ಕೂತು ದೇವರ ದೀಪ ಹಚ್ಚಿ, ಗೋಡೆ ಹಿಡೀದೆ ಎದ್ದರು, ಅದನ್ನ ಮಾತ್ರ ಕಣ್ಣಾರೆ ನೋಡಿದೆ. ದೊಡ್ಡಪ್ಪನೂ ನೋಡಿದ್ರು.

ಅಪ್ಪನ ನೆರಳು

ತುಂಬಾ ಸಂತೋಷ ಆಯ್ತು ಅಕ್ಕ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಲೆಕ್ಕದ ಮೇಷ್ಟ್ರು

ಆರು ತಿಂಗಳ ಪರೀಕ್ಷೆಯ ಅಂಕ ಬಂದ ಮೇಲೆ ದಯವಿಟ್ಟು ಇಲ್ಲಿ ಬರೀರಿ. ಕಡಿಮೆ ಬಂದರೂ ಬರೀರಿ.

ಕೆಂಗೇರಿ ವಾಕರ್

ಕಾಲಿಗೆ ಕಟ್ಟೋ ಆ ಚೀಲ ನಮ್ಮಪ್ಪನಿಗೂ ಒಂದು ಜೊತೆ ತಗೋಬೇಕು ಅಂತಿದ್ದೀನಿ. ಮೊದಲಿಗೆ ಅರ್ಧ ಕೆಜೀನೋ ಒಂದು ಕೆಜೀನೋ?

ಹುಬ್ಬಳ್ಳಿ ಫಿಸಿಯೋ

ಮೊದಲ ಕುರ್ಚಿ ಪರೀಕ್ಷೆ ಮಾಡ್ರಿ ಸರ್. ಸೆಕೆಂಡು ಎಷ್ಟು ಬಂತು ಹೇಳ್ರಿ, ಆಮ್ಯಾಲ ಭಾರ ಹೇಳತೀನಿ.